ಕರುಗಾಡಿಯಲ್ಲೊಂದು ಜಾಗ

ಹರವೆಯ ಮನೆಯ ಮುಂದೆ ಮೊದಲ ಸಲ ಜೀಪು ಬಂದು ನಿಂತಾಗ ಅದರ ಮೂತಿಗೆ ವಿಭೂತಿ ಹಚ್ಚಿದವರು ದೊಡ್ಡಮಲ್ಲಮ್ಮ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಜೀಪು ಅದು. ಯಾರು ಯಾರದೋ ಕೈ ದಾಟಿ ಅವರ ಮಗ ಶಂಭುಲಿಂಗಪ್ಪನಿಗೆ ಸಿಕ್ಕಿತ್ತು. ಊರಿನವರು ಅದನ್ನು ಹಸು ಎಂದು ಕರೆದರು. ಬೆಳಗಿನ ಚಳಿಯಲ್ಲಿ ಅದು ಎಚ್ಚರಗೊಳ್ಳಬೇಕಾದರೆ ಕೇರಿಯ ಗಂಡಸರೆಲ್ಲ ಸೇರಿ ಹಿಂದಿನಿಂದ ದಬ್ಬಬೇಕಿತ್ತು. ಹಾಗಾಗಿ ಅದರ ಹಿಂದೆ ಕಟ್ಟುವ ಗಾಡಿಯ ಮಾತು ಬಂದಾಗ ಕರುಗಾಡಿ ಎಂಬ ಹೆಸರು ಯಾರೂ ಯೋಚಿಸದೆಯೇ ಬಂದುಬಿಟ್ಟಿತು.

ಕನ್ನಡ ನಾಡೆಲ್ಲ ಒಂದು ರಾಜ್ಯವಾಗುವುದಕ್ಕೆ ಹಿಂದಿನ ವರ್ಷದ ಮಾತು. ಆಗೆಲ್ಲ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಬಸ್ಸಿನ ಸದ್ದಿಗಿಂತ ಎತ್ತಿನ ಕೊರಳಗಂಟೆಯ ಸದ್ದೇ ಹೆಚ್ಚು. ಹುಣಸೆ ಮರಗಳ ನೆರಳು ಎಷ್ಟು ದಟ್ಟವಾಗಿತ್ತೆಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟವರೂ ತಲೆಗೆ ಟವಲು ಹಾಕುತ್ತಿರಲಿಲ್ಲ. ಶಂಭುಲಿಂಗಪ್ಪನಿಗೆ ಹೊಲಮನೆಯ ಜೊತೆಗೆ ಬಿದಿರಿನ ಗುತ್ತಿಗೆಯೂ ಇತ್ತು. ಹೊಲದ ಕೊಯ್ಲು ಮುಗಿದ ಕೂಡಲೇ ಗುಂಡ್ಲುಪೇಟೆಯಾಚೆ, ಮದ್ದೂರಿನ ಕಡೆಯ ಕಾಡಿನಲ್ಲಿ ಅರಣ್ಯದವರು ಗುರುತು ಹಾಕಿಕೊಟ್ಟ ಜಾಗದಲ್ಲಿ ಬಿದಿರು ಕಡಿಸಲು ಹೊರಟರೆ ಮುಂಗಾರು ಮೋಡ ಕಾಣುವವರೆಗೂ ಅವನು ಮನೆಯವನಲ್ಲ. ತಿಂಗಳಿಗೊಮ್ಮೆ ಬಂದರೆ ಮೈತುಂಬ ಉಣ್ಣಿ ಕಚ್ಚಿದ ಗಾಯ, ಬಟ್ಟೆಯಲ್ಲಿ ಹೊಗೆಯ ವಾಸನೆ. ಮಗ ಗಂಗಾಧರ ಒಮ್ಮೆ ಅವನನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಅವಿತುಕೊಂಡ. ಅವತ್ತು ಶಂಭುಲಿಂಗಪ್ಪ ಸರಿಯಾಗಿ ಊಟ ಮಾಡಲಿಲ್ಲ. ಮುಂದಿನ ಸಲ ಹೆಂಡತಿ ಮಕ್ಕಳನ್ನು ಕರೆದುಕೊಂಡೇ ಹೋಗುವುದು, ಗುಡಿಸಿಲಿನಲ್ಲಿ ಅಲ್ಲ, ನೆಲಕ್ಕೆ ತಾಗದ ಹಾಗೆ ಚಕ್ರದ ಮೇಲೊಂದು ಮನೆ ಮಾಡಿಸಿ ಎಂದು ತಾಯಿಯ ಮುಂದೆ ಹೇಳಿದ.

ಅವನ ಹೆಂಡತಿ ಗುರುಮಲ್ಲಮ್ಮ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಬಂದವಳು. ಮಾತನ್ನು ನಾಲಗೆಯ ಮೇಲೆ ಒಮ್ಮೆ ತೂಗಿ ನೋಡಿಯೇ ಆಡುವ ಸ್ವಭಾವ. ಮನೆಯಲ್ಲಿ ಯಾರ ತಟ್ಟೆಯಲ್ಲಿ ಏನು ಉಳಿಯಿತು, ಯಾರ ಕೆಮ್ಮು ನಿನ್ನೆಗಿಂತ ಗಟ್ಟಿಯಾಯಿತು, ಎಲ್ಲವೂ ಅವಳ ಕಣ್ಣಿಗೆ ಬೀಳುತ್ತಿತ್ತು. ಹಾವು, ಜ್ವರ, ಆನೆ, ಮೂರನ್ನೂ ನೆನೆದು ಅವಳಿಗೆ ಕಾಡೆಂದರೆ ದಿಗಿಲೇ. ಆದರೂ ಗಂಡನಿಲ್ಲದ ಆರು ತಿಂಗಳಿನ ದಿಗಿಲು ಅದಕ್ಕಿಂತ ದೊಡ್ಡದಾಗಿತ್ತು. ಅವಳು ಹೂಂ ಅಂದಳು.

ದೀಪಾವಳಿ ಕಳೆದ ವಾರ ಎಲ್ಲರೂ ಜೀಪಿನಲ್ಲಿ ಗಾಡಿ ನೋಡಲು ಹೊರಟರು. ಗಂಡ ಹೆಂಡತಿ, ಆರು ವರ್ಷದ ಮಗಳು ಶಿವಮ್ಮ, ಮೂರು ತುಂಬದ ಗಂಗಾಧರ. ಜೊತೆಗೆ ಭೀಮನಬೀಡಿನ ಮಾರಯ್ಯ. ಕಾಡಿನಲ್ಲಿ ಕೂಲಿಯವರ ಮೇಲುಸ್ತುವಾರಿ ಅವನದು.

ಮೊದಲು ಚಾಮರಾಜನಗರ. ರೈಲ್ವೆ ಸ್ಟೇಷನ್ನಿನ ಹಿಂದೆ ಕರಿಬಸವಯ್ಯನ ಮರಗೆಲಸದ ಅಂಗಳದಲ್ಲಿ ಒಂದು ದೊಡ್ಡ ಗಾಡಿ ನಿಂತಿತ್ತು. ಯಾವನೋ ಸರ್ವೆ ಆಫೀಸರು ಮಾಡಿಸಿಕೊಂಡು, ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದಂತೆ. ಲಾರಿಯ ಅಚ್ಚಿನ ಮೇಲೆ ಕೂರಿಸಿದ ಹಲಗೆಯ ಮನೆ. ಎರಡು ಕಡೆ ಕಿಟಕಿ, ಕಿಟಕಿಗೆ ಹಸಿರು ಬಾಗಿಲು, ಒಳಗೆ ಗೋಡೆಗೂಡು, ದೀಪ ತೂಗಿಹಾಕಲು ಕೊಕ್ಕೆ. ಒಳಗೆ ಕಾಲಿಟ್ಟ ಕೂಡಲೇ ತೇಗದ ವಾಸನೆ ಬಂತು. ಶಿವಮ್ಮ ಓಡಿಹೋಗಿ ಕಿಟಕಿಯ ಪಕ್ಕದ ಮೂಲೆಯಲ್ಲಿ ಕಾಲು ಮಡಚಿ ಕುಳಿತು, ಇದು ನಂದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಗುರುಮಲ್ಲಮ್ಮ ನಿಂತಲ್ಲೇ ಮನಸ್ಸಿನಲ್ಲಿ ಪೆಟ್ಟಿಗೆ, ಪಾತ್ರೆ, ಹಾಸಿಗೆ ಎಲ್ಲವನ್ನೂ ಜೋಡಿಸಿಬಿಟ್ಟಿದ್ದಳು.

ಮಾರಯ್ಯ ಒಳಗೆ ಬರಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಮೇಲಿನ ಚಾವಣಿಯನ್ನೇ ನೋಡುತ್ತ ನಿಂತ.

"ಬುದ್ದೀ, ಇದು ಕಾಡೊಳಕ್ಕೆ ಓಗಾಕಿಲ್ಲ ಕಣ್ರಾ," ಅಂದ. "ಬಿದ್ರು ಮ್ಯಾಲ ಬಾಗ್ಕಂಡದೆ. ತಲೆ ತಗಲಾಕ್ಕಂಡ್ಬುಟ್ರೆ ಇಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ."

ಕರಿಬಸವಯ್ಯನೂ ಅದನ್ನು ಅಲ್ಲಗಳೆಯಲಿಲ್ಲ. ಟಾರು ರೋಡಿನ ಮೇಲಾದರೆ ಇದು ಮಹಾರಾಣಿ, ಹಳ್ಳ ಇಳಿಸಿದರೆ ಮಾತ್ರ ಮಗ್ಗುಲಿಗೆ ಮಲಗುತ್ತದೆ, ತಾನು ಹೇಳಲಿಲ್ಲ ಅಂತ ನಾಳೆ ಬೈಯಬೇಡಿ ಅಂದ. ಶಂಭುಲಿಂಗಪ್ಪ ನಕ್ಕು ಅವನ ಬೆನ್ನು ತಟ್ಟಿದ. ಶಿವಮ್ಮನನ್ನು ಮೂಲೆಯಿಂದ ಎಬ್ಬಿಸಿ ಕೆಳಗಿಳಿಸುವುದೇ ಕಷ್ಟವಾಯಿತು.

ಅಲ್ಲಿಂದ ಗುಂಡ್ಲುಪೇಟೆ. ಊಟಿ ರಸ್ತೆಗೆ ತಿರುಗುವಲ್ಲಿ ಸುಲ್ತಾನ್ ಬತ್ತೇರಿಯಿಂದ ಬಂದು ನೆಲೆಸಿದ್ದ ಚಾಕೋ ಮೇಸ್ತ್ರಿಯ ಷೆಡ್ಡು. ಅಲ್ಲಿದ್ದದ್ದು ಮಿಲಿಟರಿಯ ಪುಟ್ಟ ಟ್ರೈಲರ್. ಎರಡೇ ಚಕ್ರ, ಜೀಪಿನ ಚಕ್ರದಷ್ಟೇ ಎತ್ತರ. ಕಬ್ಬಿಣದ ತೊಟ್ಟಿಯ ಹಾಗಿನ ಮೈ, ಮೇಲೆ ಬಾಗಿದ ಸಲಾಕೆಗಳ ಮೇಲೆ ಎಳೆದು ಕಟ್ಟುವ ಕ್ಯಾನ್ವಾಸು.

"ಸಾರೇ, ಇದು ಬರ್ಮಾ ಕಾಡು ಕಂಡು ಬಂದ ಸಾಮಾನು," ಅಂದ ಚಾಕೋ. "ನಿಮ್ಮ ಜೀಪು ಎಲ್ಲಿ ಹೋಗುತ್ತೋ ಇದು ಅಲ್ಲಿ. ಜೀಪು ಬಿದ್ದರೂ ಇದು ಬೀಳಲ್ಲ."

ಷೆಡ್ಡಿನ ಹಿಂದಿನ ಕಲ್ಲುಗುಂಡಿಯಲ್ಲಿ ಎಳೆಸಿ ನೋಡಿದರು. ಗಾಡಿ ಕುಣಿಯಿತೇ ಹೊರತು ವಾಲಲಿಲ್ಲ. ಮಾರಯ್ಯನ ಮುಖ ಅರಳಿತು. ಶಂಭುಲಿಂಗಪ್ಪ ಚಪ್ಪಲಿ ಕಳಚಿ ಒಳಗೆ ಹತ್ತಿ ಅಡ್ಡಡ್ಡ ಮಲಗಿ, ಉದ್ದುದ್ದ ಮಲಗಿ ಅಳೆದ. ಗಂಗಾಧರನನ್ನು ಪಕ್ಕದಲ್ಲಿ ಮಲಗಿಸಿಕೊಂಡ. ಗೇಣು ಹಾಕುತ್ತ, ತನ್ನಷ್ಟಕ್ಕೆ ಲೆಕ್ಕ ಒಪ್ಪಿಸುವವನಂತೆ ಹೇಳಿದ: ತಾನು ಜೀಪಿನ ಸೀಟು ಬಿಚ್ಚಿ ಅಲ್ಲೇ ಮಲಗುತ್ತಾನೆ. ಇಲ್ಲಿ ಗುರುಮಲ್ಲಿ, ಇಲ್ಲಿ ಗಂಗು. ಆಮೇಲೆ ಕೈ ಚಾಚಿ ಉಳಿದ ಜಾಗವನ್ನು ತೋರಿಸಿ, "ಇಷ್ಟು ಬಿಟ್ಟಿರಬೇಕು," ಅಂದ. ಯಾರಿಗೆ ಎಂದು ಹೇಳಲಿಲ್ಲ.

ಶಿವಮ್ಮ ಚಕ್ರದ ಮೇಲೆ ಕಾಲಿಟ್ಟು ಒಳಗೆ ಇಣುಕಿ ನೋಡುತ್ತಿದ್ದವಳು, "ನಾನು?" ಅಂದಳು.

ಅವನು ಎದ್ದು ಕುಳಿತು ಮಗಳ ತಲೆ ಸವರಿದ. ಅವಳು ದೊಡ್ಡವಳಾದಳಲ್ಲ, ಇಸ್ಕೂಲಿಗೆ ಹೋಗಬೇಕಲ್ಲ, ಅಜ್ಜಿಯ ಜೊತೆ ಹರವೆಯಲ್ಲಿ ಇರುತ್ತಾಳೆ, ಬರುವಾಗಲೆಲ್ಲ ಜೇನು ತರುತ್ತೇನೆ ಅಂದ. ಮಗು ಅಳಲಿಲ್ಲ. ಚಕ್ರದಿಂದ ಇಳಿದು, ಲಂಗಕ್ಕೆ ಹತ್ತಿದ್ದ ಗ್ರೀಸನ್ನು ಉಗುರಿನಿಂದ ಕೆರೆಯುತ್ತ ನಿಂತುಕೊಂಡಿತು.

ಮಗಳು ಅಳದೆ ನಿಂತದ್ದೇ ಗುರುಮಲ್ಲಮ್ಮನಿಗೆ ಸಹಿಸಲಾಗಲಿಲ್ಲ. ತಾನೂ ಏಳನೆಯ ವಯಸ್ಸಿನಲ್ಲಿ ಓದಿಗೆಂದು ಮೈಸೂರಿನ ದೊಡ್ಡಪ್ಪನ ಮನೆಗೆ ಹೀಗೆಯೇ ಹೋದವಳು. ಅಲ್ಲಿ ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಆದರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವ ಮುಂಚೆ ದೊಡ್ಡಮ್ಮನ ಮುಖ ನೋಡುವುದು, ಬಾಗಿಲು ಸದ್ದಾದರೆ ತನ್ನಿಂದೇನಾಯಿತೋ ಎಂದು ಎದ್ದು ನಿಲ್ಲುವುದು ಅಭ್ಯಾಸವಾಗಿಹೋಗಿತ್ತು. ಇವತ್ತಿಗೂ ಅದು ಬಿಟ್ಟಿರಲಿಲ್ಲ. ಹರವೆ ಬೇರೆಯವರ ಮನೆಯಲ್ಲ, ನಿಜ. ಆದರೆ ತಮ್ಮನನ್ನು ಕರೆದುಕೊಂಡು ತನ್ನನ್ನು ಬಿಟ್ಟುಹೋದರು ಎಂಬ ಮಾತು ಮಗುವಿನ ಎದೆಯಲ್ಲಿ ಹೊಕ್ಕರೆ ಅದು ಹೊರಗೆ ಬರುವುದಿಲ್ಲ.

ವಾಪಸು ಬರುವಾಗ ಅವಳು ಗಂಡನಿಗೆ, ಶಿವಮ್ಮನಿಗೆ ಅಕ್ಷರ ತಾನೇ ಕಲಿಸುತ್ತೇನೆ, ಈ ವರ್ಷಕ್ಕೆ ಕರೆದುಕೊಂಡು ಹೋಗೋಣ ಅಂದಳು. ಅವನು ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಈ ವರ್ಷ ಕರೆದುಕೊಂಡು ಹೋಗಿ ಬರುವ ವರ್ಷ ಬಿಡುವುದಕ್ಕಿಂತ ಈಗಲೇ ಅಭ್ಯಾಸವಾಗಲಿ ಅಂದ. ಗಾಡಿ ಒಂದು ವರ್ಷದ್ದಲ್ಲವಲ್ಲ ಅಂದ. ಅವಳಿಗೆ ಮುಂದೆ ಮಾತು ಹೊರಡಲಿಲ್ಲ.

ಹೊರಡದಿದ್ದುದಕ್ಕೆ ಕಾರಣವಿತ್ತು. ಅವಳಿಗೆ ಆಗ ಮೂರನೆಯ ತಿಂಗಳು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಆ ಮನೆಯಲ್ಲಿ ಹೊಟ್ಟೆಯಲ್ಲಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ಕೂಸು ಭೂಮಿಗೆ ಬಿದ್ದು ಅತ್ತ ಮೇಲೆಯೇ ತೊಟ್ಟಿಲು ಅಟ್ಟದಿಂದ ಇಳಿಯಬೇಕು, ಬಟ್ಟೆ ಹರಿಯಬೇಕು. ಅದಕ್ಕೆ ಮುಂಚೆ ಅದಕ್ಕೊಂದು ಅಂಗಿ, ಅದಕ್ಕೊಂದು ಜಾಗ ಅಂದರೆ ಮುಗಿಯಿತು, ದೊಡ್ಡಮಲ್ಲಮ್ಮನವರ ಮುಖ ಕಪ್ಪಾಗುತ್ತಿತ್ತು. ಗುರುಮಲ್ಲಮ್ಮನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಓದಿದವಳು. ಆದರೆ ಶಿವಮ್ಮನಿಗೂ ಗಂಗಾಧರನಿಗೂ ನಡುವೆ ಒಂದು ಕೂಸು ಇತ್ತು. ಅದಕ್ಕಾಗಿ ಮೈಸೂರಿನಿಂದ ಅವಳ ತಾಯಿ ಮೊದಲೇ ಕುಲಾವಿ ಹೊಲಿದು ಕಳಿಸಿದ್ದರು. ಕುಲಾವಿ ಉಳಿಯಿತು, ಕೂಸು ಉಳಿಯಲಿಲ್ಲ. ಅಂದಿನಿಂದ ನಂಬಿಕೆ ಇಲ್ಲದಿದ್ದರೂ ಅವಳು ಆ ಪದ್ಧತಿಯನ್ನು ಮೀರುತ್ತಿರಲಿಲ್ಲ.

ಗಂಡ ಕೈ ಚಾಚಿ ಬಿಟ್ಟಿಟ್ಟ ಜಾಗ ಯಾರದೆಂದು ಅವಳಿಗೆ ಗೊತ್ತಿತ್ತು. ಆ ಜಾಗವನ್ನು ಶಿವಮ್ಮನಿಗೆ ಕೊಡಿ ಅಂದರೆ ಬರಬೇಕಾದದ್ದಕ್ಕೆ ತಾನೇ ಬಾಗಿಲು ಹಾಕಿದ ಹಾಗೆ. ಇಬ್ಬರಿಗೂ ಜಾಗವಿರುವ ಗಾಡಿ ನೋಡಿ ಅಂದರೆ ಬಾಯಿಬಿಟ್ಟು ಎಣಿಸಿದ ಹಾಗೆ. ಎರಡರಲ್ಲಿ ಯಾವುದನ್ನೂ ಅವಳ ನಾಲಗೆ ಹೊರಕ್ಕೆ ಬಿಡಲಿಲ್ಲ. ಜೀಪು ಉಡಿಗಾಲದ ತಿರುವು ದಾಟುವಾಗ ಶಿವಮ್ಮ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ನಿದ್ದೆ ಬಂದಿರಲಿಲ್ಲ, ಕಣ್ಣು ಮಾತ್ರ ಮುಚ್ಚಿದ್ದಳು.

ಮರುದಿನ ಪಡಸಾಲೆಯಲ್ಲಿ ಅತ್ತೆ ಸೊಸೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ಸೊಗಡಿನ ವಾಸನೆ ಮನೆಯೆಲ್ಲ ತುಂಬಿತ್ತು. ದೊಡ್ಡಮಲ್ಲಮ್ಮ ಗಾಡಿಯ ಬಗ್ಗೆ ಕೇಳಿದರು. ಗುರುಮಲ್ಲಮ್ಮ ಚಕ್ರ ಎಷ್ಟು ಎತ್ತರ, ಕ್ಯಾನ್ವಾಸು ಎಷ್ಟು ದಪ್ಪ, ಗುಂಡಿಯಲ್ಲಿ ಹೇಗೆ ನಡೆಯಿತು, ಎಲ್ಲ ಹೇಳಿದಳು. ಯಾರು ಎಲ್ಲಿ ಮಲಗುವುದೆಂದು ಕೇಳಿದರು. ಅದನ್ನೂ ಹೇಳಿದಳು. "ಆಮೇಲೆ ಒಂದಿಷ್ಟು ಜಾಗ ಬಿಟ್ಟಿರಬೇಕು ಅಂದ್ರು," ಎಂದು ನಿಲ್ಲಿಸಿದಳು.

ಅತ್ತೆ ತಲೆಯೆತ್ತದೆ ಸಿಪ್ಪೆಯನ್ನು ಒಂದು ಕಡೆಗೆ ತಳ್ಳಿದರು. ಅಂಗಳದಲ್ಲಿ ಶಿವಮ್ಮ ಒಬ್ಬಳೇ ಕಡ್ಡಿಯಿಂದ ನೆಲದ ಮೇಲೆ ಚೌಕ ಎಳೆದು, ಅದರೊಳಗೆ ಕಲ್ಲುಗಳನ್ನು ಮಲಗಿಸಿ ಮತ್ತೆ ತೆಗೆದು ಮತ್ತೆ ಮಲಗಿಸುತ್ತಿದ್ದಳು. ಅಜ್ಜಿ ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೇರೆ ಮಾತು ಎತ್ತಿದರು.

ಸಂಜೆ ಶಂಭುಲಿಂಗಪ್ಪ ಲಿಂಗಪೂಜೆ ಮುಗಿಸಿ ಊಟಕ್ಕೆ ಕುಳಿತಾಗ, ನಾಳೆ ಗುಂಡ್ಲುಪೇಟೆಗೆ ಹೋಗಿ ಪುಟ್ಟ ಗಾಡಿಗೆ ಮಾತು ಕೊಟ್ಟು ಬರುತ್ತೇನೆ ಅಂದ. ದೊಡ್ಡಮಲ್ಲಮ್ಮ ಮುದ್ದೆ ಬಡಿಸುತ್ತಲೇ ಅಂದರು:

"ನಾನೂವೆ ಬತ್ತೀನಿ ಕಣ್ಲಾ, ಕಾಡ್ಗೆ."

ಅವನು ತಮಾಷೆ ಅಂದುಕೊಂಡ. "ಅಲ್ಲಿ ಆನೆ ಅದೆ ಕಣವ್ವ."

"ಇರ್ಲಿ ಬುಡು. ಆನೆಗೆ ನಾನೇನು ಕಬ್ಬಿನ ಜಲ್ಲೆಯಂಗೆ ಕಂಡೇನಾ, ಎತ್ಕಂಡೋಗಾಕೆ?"

"ನಿನ್ನ ಮಂಡಿನೋವು?"

"ಮಂಡಿ ನಂದು. ನೋವೂ ನಂದು. ನಿನ್ನ ಗಾಡೀಲಿ ನಂಗೊಂದು ಮಲಗಾ ಜಾಗ ಮಾಡು, ಅಷ್ಟೇಯ."

ಅವನು ಕೈ ತೊಳೆದು ಬಂದು ಮತ್ತೆ ಕುಳಿತು ತಾಯಿಗೆ ಬುದ್ಧಿ ಹೇಳಿದ. ಗಾಡಿ ಚಿಕ್ಕದು, ಇದ್ದವರಿಗೇ ಸಾಲದು ಅಂದ. ಮನೆಯನ್ನು ಯಾರು ನೋಡುತ್ತಾರೆ ಅಂದ. ಮನೆಗೆ ಹಿರಿಯ ಮಗನೂ ಅವನ ಹೆಂಡತಿಯೂ ಇದ್ದಾರೆ, ಹಟ್ಟಿಗೆ ಆಳುಗಳಿದ್ದಾರೆ, ತಾನು ಗಂಡನ ಮನೆಗೆ ಬಂದಂದಿನಿಂದ ಹರವೆ, ಚಾಮರಾಜನಗರ, ಬೆಟ್ಟದ ಮಾದೇಶ್ವರ ಬಿಟ್ಟು ಏನು ಕಂಡಿದ್ದೇನೆ ಎಂದು ಅವರು ತಿರುಗಿ ಕೇಳಿದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. ತಮಗೆ ಹೊಸ ಜಾಗದಲ್ಲಿ ಒಬ್ಬರೇ ಮಲಗಿದರೆ ನಿದ್ದೆ ಬರುವುದಿಲ್ಲ. ಶಿವಮ್ಮ ಮಗ್ಗುಲಲ್ಲಿ ಇರಬೇಕು. ಅವಳು ಬರದಿದ್ದರೆ ತಾವೂ ಬರುವುದಿಲ್ಲ, ತಾವು ಬರದಿದ್ದರೆ ಸೊಸೆಯನ್ನೂ ಕಳಿಸುವುದಿಲ್ಲ.

ಶಂಭುಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಅವಳು ಲಾಟೀನಿನ ಬತ್ತಿ ಸರಿಮಾಡುತ್ತಿದ್ದಳು. ಅತ್ತೆ ಏನು ಮಾಡಿದರು ಎಂಬುದು ಅವಳಿಗೆ ಆ ಕ್ಷಣದಲ್ಲಿಯೇ ಹೊಳೆದಿತ್ತು. ಹೆಸರಿಲ್ಲದ್ದಕ್ಕೆ ಜಾಗ ಕೇಳುವ ಹಾಗಿಲ್ಲ. ಆದ್ದರಿಂದ ತಮ್ಮ ಹೆಸರಿನಲ್ಲಿ ಕೇಳಿದರು.

ಚಾಕೋ ಮೇಸ್ತ್ರಿ ಮೊದಲು ತಲೆ ಕೆರೆದುಕೊಂಡನಂತೆ. ಗಾಡಿಯನ್ನು ಅಗಲ ಮಾಡಿದರೆ ಮರಗಳ ನಡುವೆ ಹೋಗದು, ಎತ್ತರ ಮಾಡಿದರೆ ಬಿದಿರು ಬಿಡದು. ಅವನೂ ಶಂಭುಲಿಂಗಪ್ಪನೂ ಷೆಡ್ಡಿನ ಮುಂದೆ ಕುಳಿತು ಚಹಾ ಕುಡಿಯುತ್ತ ಇಡೀ ಬೆಳಗು ವಾದ ಮಾಡಿ, ಕೊನೆಗೆ ಹಿಂಬದಿಯ ಬಾಗಿಲನ್ನೇ ಕಿತ್ತು ಅಲ್ಲಿ ಉದ್ದನೆಯ ಹಲಗೆ ಕೂಡಿಸುವುದೆಂದು ತೀರ್ಮಾನ ಮಾಡಿದರು. ನಡೆಯುವಾಗ ಹಲಗೆ ಮಡಚಿಕೊಂಡು ಬಾಗಿಲಿನ ಹಾಗೆ ನಿಲ್ಲುತ್ತದೆ. ನಿಂತಾಗ ಕೆಳಗಿಳಿಸಿ ಎರಡು ಕಾಲು ಕೊಟ್ಟರೆ ಮಂಚದ ಹಾಗೆ ಹೊರಕ್ಕೆ ಚಾಚುತ್ತದೆ. ಅದರ ಮೇಲಕ್ಕೂ ಕ್ಯಾನ್ವಾಸು ಎಳೆದು ಕಟ್ಟಬಹುದು. ಹಲಗೆಯನ್ನು ಕರಿಬಸವಯ್ಯ ಚಾಮರಾಜನಗರದಿಂದ ಮಾಡಿ ಕಳಿಸಿದ. ಸರ್ವೆ ಆಫೀಸರ ಗಾಡಿಯಿಂದ ಒಂದು ಕಿಟಕಿಯ ಬಾಗಿಲನ್ನೂ ಬಿಚ್ಚಿ ಅದಕ್ಕೆ ಸೇರಿಸಿದನೆಂದು ತೋರುತ್ತದೆ, ಹಲಗೆಯ ಒಂದು ತುದಿಯಲ್ಲಿ ಹಸಿರು ಬಣ್ಣ ಹಾಗೆಯೇ ಇತ್ತು.

ಕರುಗಾಡಿ ಹರವೆಗೆ ಬಂದ ದಿನ ನೋಡಲು ಬಂದವರಲ್ಲಿ ಯಾರೂ ಸುಮ್ಮನೆ ಹೋಗಲಿಲ್ಲ. ಒಬ್ಬರು ಇದಕ್ಕೆ ಹುಲ್ಲು ಹಾಕ್ತೀರೋ ಹಿಂಡಿ ಹಾಕ್ತೀರೋ ಅಂದರು. ಮತ್ತೊಬ್ಬರು ಹಸು ಹಾಲು ಕೊಡುವ ಮುಂಚೆಯೇ ಕರು ಬಂತಲ್ಲ ಅಂದರು. ಎದುರು ಮನೆಯ ಪುಟ್ಟಸಿದ್ದಮ್ಮ ಗಾಡಿಯೊಳಗೆ ಕೈಯಾಡಿಸಿ, ಇಷ್ಟು ಜಾಗ ಯಾಕೆ, ಯಾರು ಯಾರು ಹೋಗುತ್ತಾರೆ ಎಂದು ನಗುತ್ತ ಗುರುಮಲ್ಲಮ್ಮನ ಸೊಂಟದ ಕಡೆ ನೋಡಿದಳು. ದೊಡ್ಡಮಲ್ಲಮ್ಮ ಅವಳ ಕೈಗೆ ಎಲೆಯಡಿಕೆ ಕೊಟ್ಟು, ಹೋಗುವವರ ಹೆಸರನ್ನು ಒಂದೊಂದಾಗಿ ಹೇಳಿದರು. ಕೊನೆಯದು ಅವರದೇ ಹೆಸರು.

ಹೊರಡುವ ಬೆಳಿಗ್ಗೆಯವರೆಗೂ ಗುರುಮಲ್ಲಮ್ಮ, ಅತ್ತೆ ಇನ್ನೇನು ಮಂಡಿನೋವು ಅನ್ನುತ್ತಾರೆ ಎಂದೇ ಕಾಯುತ್ತಿದ್ದಳು. ಜಾಗ ಸಿಕ್ಕಿತು, ಮಗಳು ಬರುತ್ತಾಳೆ. ಇನ್ನು ಆ ಮಾತನ್ನು ನಡೆಸುವ ಅಗತ್ಯವೇನು? ಅತ್ತೆಗೆ ಹೇಗೆ ಕೃತಜ್ಞತೆ ಹೇಳುವುದು, ಕಾಲಿಗೆ ಬಿದ್ದಾಗ ಏನಾದರೂ ಅನ್ನುವುದೋ ಸುಮ್ಮನೆ ಏಳುವುದೋ ಎಂದು ಯೋಚಿಸಿಕೊಂಡೂ ಇದ್ದಳು. ಗಾಡಿಗೆ ತೆಂಗಿನಕಾಯಿ ಒಡೆದದ್ದಾಯಿತು, ಪಾತ್ರೆ ಏರಿಸಿದ್ದಾಯಿತು. ಆಗ ದೊಡ್ಡಮಲ್ಲಮ್ಮ ಪೂಜೆಯ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು, ಕಂಬಳಿಯ ಸುರುಳಿಯನ್ನು ಹಿರಿಯ ಸೊಸೆಯ ಕೈಯಲ್ಲಿ ಹೊರಿಸಿಕೊಂಡು, ಚಿಲಕ ಮಿಂಚುವ ಟ್ರಂಕಿನ ಸಮೇತ ಹೊರಗೆ ಬಂದರು. ಕಾಲಿಗೆ ಹೊಸ ಚಪ್ಪಲಿ ಬೇರೆ.

ಗುರುಮಲ್ಲಮ್ಮ ನಿಂತಲ್ಲೇ ನಿಂತುಬಿಟ್ಟಳು. ಅತ್ತೆ ಅವಳ ಮುಖ ನೋಡಿ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಅಂದರು:

"ಯಾನಮ್ಮಿ, ನಾನು ಸುಳ್ಳೇಳ್ದೆ ಅಂದ್ಕಂಡಿದ್ದಾ?"

"ಇಲ್ಲ ಅತ್ತೆ. ನನಗೋಸ್ಕರ..."

"ಬರದೆ ಇರಾದ್ನ ಲೆಕ್ಕಕ್ಕೆ ತಕ್ಕಬಾರದು ಕಣಮ್ಮಿ. ಅದು ಯಾರಾದ್ರೂ ಅಷ್ಟೇಯ. ನಾನು ಬತ್ತೀನಿ ಅಂದು ಬರ್ದೆ ಓದ್ರೆ, ಆ ಜಾಗವೂ ಸುಳ್ಳು ಜಾಗ ಆಯ್ತದೆ. ಸುಳ್ಳು ಜಾಗ್ದಲ್ಲಿ ಯಾರ್ನ ಮಲಗಿಸ್ತೀಯೆ?"

ಅಷ್ಟು ಹೇಳಿ ಅವರು ಜೀಪಿನ ಕಂಬಿ ಹಿಡಿದು, ಮಗನ ಹೆಗಲ ಮೇಲೆ ಭಾರ ಹಾಕಿ, ಅಯ್ಯಪ್ಪಾ ಎನ್ನುತ್ತ ಹತ್ತಿ ಕುಳಿತರು. ಶಿವಮ್ಮ ಆಗಲೇ ಒಳಗಿದ್ದಳು; ಅವಳು ಮುಂಜಾನೆಯಿಂದ ಕೆಳಗಿಳಿದೇ ಇರಲಿಲ್ಲ. ಇಳಿದರೆ ಮತ್ತೆ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಭಯ ಅವಳಿಗಿದ್ದದ್ದು ತಾಯಿಗೆ ಮಾತ್ರ ಕಂಡಿತ್ತು.

ಮಧ್ಯಾಹ್ನ ಬಿದಿರುಮೆಳೆಗಳ ನಡುವೆ, ಸಣ್ಣ ಹಳ್ಳದ ದಡದಲ್ಲಿ ಕರುಗಾಡಿ ನಿಂತಿತು. ಮಾರಯ್ಯ ಹಲಗೆಯ ಕಾಲು ಅಲುಗಾಡದ ಹಾಗೆ ಕೆಳಗೆ ಚಪ್ಪಡಿ ಇಟ್ಟ. ಶಂಭುಲಿಂಗಪ್ಪ ಕ್ಯಾನ್ವಾಸು ಎಳೆದು ಕಟ್ಟಿದ. ದೊಡ್ಡಮಲ್ಲಮ್ಮ ಹಲಗೆಯ ಮೇಲೆ ಕಂಬಳಿ ಹಾಸಿ ಹಾಡಹಗಲೇ ಉದ್ದಕ್ಕೆ ಮಲಗಿ, ಬೆನ್ನಿಗೆ ಗಂಟು ಒತ್ತುತ್ತದೆ ಎಂದು ಕರಿಬಸವಯ್ಯನನ್ನು ಬೈದರು. ಮಾರಯ್ಯ ಎಷ್ಟು ಜನರ ಸ್ನಾನಕ್ಕೆ ನೀರು ಕಾಯಿಸಲಿ ಎಂದು ಕೇಳಿದ. ಗುರುಮಲ್ಲಮ್ಮ ಅಭ್ಯಾಸದಂತೆ ಮಾತನ್ನು ತೂಗುತ್ತಿರುವಾಗಲೇ ಅತ್ತೆ ಮಲಗಿದಲ್ಲಿಂದಲೇ, "ಐದು ಜನ ಕಣಪ್ಪ," ಅಂದರು. ಅದು ಸರಿಯಾದ ಲೆಕ್ಕವಾಗಿತ್ತು.

ದೊಡ್ಡಮಲ್ಲಮ್ಮ ಅಲ್ಲಿ ಶಿವರಾತ್ರಿ ಕಳೆಯುವವರೆಗೂ ಇದ್ದರು. ಕಾಡಿನ ನೀರು ರುಚಿಯಿಲ್ಲ ಅಂದರು, ಕಾಡುಕೋಳಿ ಕೂಗಿ ಪೂಜೆ ಕೆಡಿಸುತ್ತದೆ ಅಂದರು, ಆನೆ ಬರುತ್ತದೆ ಅಂದಿರಿ ಎಲ್ಲಿ ಎಂದು ಮಗನನ್ನು ದಬಾಯಿಸಿದರು. ಮುಂದೆ ಎಷ್ಟೋ ವರ್ಷ ಆ ಮನೆಯಲ್ಲಿ ಯಾರು ಸೇರಿದರೂ ಆ ಮೂರು ತಿಂಗಳಿನ ಮಾತೇ ಬರುತ್ತಿತ್ತು: ಎಳೆಬಿಸಿಲಿನಲ್ಲಿ ಹಲಗೆಯ ಮೇಲೆ ಕುಳಿತು ಶಿವಮ್ಮ ಸ್ಲೇಟಿನ ಮೇಲೆ ತಿದ್ದುತ್ತಿದ್ದದ್ದು, ಬಿದಿರು ಬಿಸಿಲಿಗೆ ಚಟಚಟ ಅನ್ನುತ್ತಿದ್ದದ್ದು, ಗಂಗಾಧರ ಅಪ್ಪನ ಹೆಗಲ ಮೇಲಿಂದ ಇಳಿಯದೆ ಇದ್ದದ್ದು. ಗುರುಮಲ್ಲಮ್ಮ ಆ ಮಾತು ಬಂದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ಕುಳಿತುಕೊಳ್ಳುತ್ತಿದ್ದಳು.

ಮುಂಗಾರಿನ ಮೊದಲ ಮಳೆಗೆ ಹರವೆಯಲ್ಲಿ ಗಂಡುಕೂಸು ಹುಟ್ಟಿತು. ಅತ್ತ ಮೇಲೆಯೇ ತೊಟ್ಟಿಲು ಅಟ್ಟದಿಂದ ಇಳಿಯಿತು.

ಆ ವರ್ಷದ ಕೊಯ್ಲು ಮುಗಿದು ಮತ್ತೆ ಕಾಡಿಗೆ ಹೊರಡುವಾಗ ದೊಡ್ಡಮಲ್ಲಮ್ಮ ಟ್ರಂಕು ತರಲಿಲ್ಲ. ತಾನು ಬಂದದ್ದಾಯಿತು, ಮಲಗಿದ್ದೂ ಆಯಿತು, ಆ ಗಂಟಿನ ಹಲಗೆಯ ಸಹವಾಸ ಸಾಕು ಎಂದು ಜಗಲಿಯ ಮೇಲೆಯೇ ಕುಳಿತರು. ಕಂಬಳಿಯನ್ನು ಮಾತ್ರ ಮಡಚಿ ಸೊಸೆಯ ಕೈಗಿಟ್ಟರು. ಕಾಡು ಸೇರಿ ಹಲಗೆ ಇಳಿಸಿದ ಮೇಲೆ ಗುರುಮಲ್ಲಮ್ಮ ಕಂಬಳಿ ಹಾಸಿ, ನಿದ್ದೆಹೋಗಿದ್ದ ಕೂಸನ್ನು ಎತ್ತಿಕೊಂಡು ಬಂದಳು. ಶಿವಮ್ಮ ಯಾರೂ ಹೇಳದೆಯೇ ಕ್ಯಾನ್ವಾಸಿನ ಅಂಚಿಗೆ ಸರಿದು, ಅಜ್ಜಿ ಮಲಗುತ್ತಿದ್ದ ಜಾಗವನ್ನು ಅಂಗೈಯಿಂದ ಸವರಿ ಸಮ ಮಾಡಿ, "ಇಲ್ಲಿ ಹಾಕವ್ವ, ನನ್ ಮಗ್ಗುಲಿಗೆ," ಅಂದಳು.